ಸೆನ್ಸರ್ ಗಾಡಿ: ಹಳದಿ ದೀಪ ಹೇಳುವುದೆಂತ?

ನಮ್ಮ ಕಡೆ ಗಾಡಿಗಳಲ್ಲಿ ಈಗ ಎರಡು ಜಾತಿ. ‘ಪಂಪಿನ ಗಾಡಿ’ ಮತ್ತು ‘ಸೆನ್ಸರ್ ಗಾಡಿ’. ಹಳೆ ಜೀಪು, ಹಳೆ ಪಿಕಪ್ಪುಗಳೆಲ್ಲ ಮೊದಲನೆಯ ಜಾತಿ. ಅದರ ರಿಪೇರಿ ಊರಿನ ಗ್ಯಾರೇಜಿನಲ್ಲೇ ಆಗುತ್ತದೆ. ಸಣ್ಣಪುಟ್ಟದ್ದನ್ನು ಅಂಗಳದಲ್ಲಿ ನಾವೇ ಮಾಡಿಕೊಳ್ಳುತ್ತೇವೆ. ಎರಡನೆಯದರ ಸುದ್ದಿ ತೆಗೆದರೆ, ‘ಅದು ಸೆನ್ಸರ್ ಗಾಡಿ ಮಾರಾಯ್ರೇ, ಮುಟ್ಟಲಿಕ್ಕಾಗುವುದಿಲ್ಲ’ ಎಂಬ ಉತ್ತರ.

ಮುಟ್ಟದೆ ಇರುವುದು ಸರಿ. ಆದರೆ ಅರ್ಥ ಮಾಡಿಕೊಳ್ಳದೆ ಇದ್ದರೆ ನಷ್ಟ ನಮಗೇ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿದ ಕೂಡಲೇ ಹೆದರಿ ಗಾಡಿಯನ್ನು ಟೋಯಿಂಗ್ ಮಾಡಿಸಿ ದುಡ್ಡು ಕಳೆದವರು ನಮ್ಮಲ್ಲಿದ್ದಾರೆ. ಅದೇ ದೀಪವನ್ನು ತಿಂಗಳುಗಟ್ಟಲೆ ನೋಡಿಯೂ ನೋಡದಂತೆ ಓಡಿಸಿ ಸೈಲೆನ್ಸರಿನ ಒಳಗಿನ ಫಿಲ್ಟರಿಗೇ ಮೂಲ ಮಾಡಿಕೊಂಡವರೂ ಇದ್ದಾರೆ. ನಾನು ಮೆಕ್ಯಾನಿಕ್ ಅಲ್ಲ, ಅಡಿಕೆ ಕೃಷಿಕ. ಪಿಕಪ್ಪಿನಲ್ಲಿ ಗೊಬ್ಬರ, ತೆಂಗಿನಕಾಯಿ ಹೊರುವವ. ನನ್ನ ಗಾಡಿಯ ಕಂಪ್ಯೂಟರ್ ಎಂತ ಮಾಡುತ್ತದೆ ಅಂತ ಕೈಪಿಡಿ ಓದಿ, ಗ್ಯಾರೇಜಿನಲ್ಲಿ ನಿಂತು ನೋಡಿ, ಒಂದು ಸಣ್ಣ ಸ್ಕ್ಯಾನರ್ ಇಟ್ಟುಕೊಂಡು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗವರ್ನರಿನಿಂದ ಕಂಪ್ಯೂಟರಿಗೆ

ಗೊತ್ತಿದ್ದುದರಿಂದಲೇ ಹೊರಡೋಣ. ತೋಟಕ್ಕೆ ನೀರು ಬಿಡುವ ಡೀಸೆಲ್ ಪಂಪ್‌ಸೆಟ್ ಬಳಸಿದವರಿಗೆಲ್ಲ ಗವರ್ನರ್ ಗೊತ್ತು. ಎರಡು ತೂಕದ ಗುಂಡುಗಳು ತಿರುಗುತ್ತಿರುತ್ತವೆ. ಎಂಜಿನ್ ವೇಗ ಹೆಚ್ಚಾದರೆ ಗುಂಡುಗಳು ಹೊರಕ್ಕೆ ಸರಿದು ಡೀಸೆಲ್ ಕಮ್ಮಿ ಮಾಡುತ್ತವೆ. ಲೋಡು ಬಿದ್ದು ವೇಗ ಇಳಿದರೆ ಒಳಕ್ಕೆ ಬಂದು ಡೀಸೆಲ್ ಹೆಚ್ಚಿಸುತ್ತವೆ. ಎಂಜಿನನ್ನು ನೋಡಿಕೊಂಡು, ಅದರಂತೆ ಇಂಧನ ಕೊಡುವ ಒಬ್ಬ ಆಳು. ಕಂಪ್ಯೂಟರ್ ಮಾಡುವುದೂ ಇದನ್ನೇ. ವ್ಯತ್ಯಾಸ ಎಂತದೆಂದರೆ, ಗವರ್ನರಿಗೆ ಗೊತ್ತಾಗುವುದು ವೇಗ ಒಂದೇ. ಕಂಪ್ಯೂಟರಿಗೆ ಇಪ್ಪತ್ತು-ಮೂವತ್ತು ಕಡೆಯಿಂದ ಸುದ್ದಿ ಬರುತ್ತದೆ.

ಈ ಕಂಪ್ಯೂಟರಿಗೆ ಗ್ಯಾರೇಜಿನವರು ಇಸಿಯು ಅಥವಾ ಇಸಿಎಂ ಅನ್ನುತ್ತಾರೆ. ನೋಡಲಿಕ್ಕೆ ಒಂದು ಪುಸ್ತಕದಷ್ಟು ದೊಡ್ಡ ಅಲ್ಯೂಮಿನಿಯಂ ಡಬ್ಬಿ. ಅದಕ್ಕೆ ದಪ್ಪ ವಯರಿನ ಕಟ್ಟು ಬಂದು ಸೇರಿರುತ್ತದೆ. ಸುದ್ದಿ ತರುವವರು ಸೆನ್ಸರುಗಳು. ಹೇಳಿದ ಕೆಲಸ ಮಾಡುವವರು ಇಂಜೆಕ್ಟರ್, ಫ್ಯಾನು, ವಾಲ್ವು, ರಿಲೇಗಳು.

ಇದು ಬಂದದ್ದು ಹೊಗೆಯ ಕಾರಣದಿಂದ. ಪೆಟ್ರೋಲ್ ಕಾರಿನ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ, ಹೆಚ್ಚೂ ಅಲ್ಲ ಕಮ್ಮಿಯೂ ಅಲ್ಲ ಅನ್ನುವ ಹದ ಬೇಕು. ಕಾರ್ಬೊರೇಟರಿನ ಜೆಟ್ಟಿಗೆ ಇಷ್ಟು ಸೂಕ್ಷ್ಮ ಸಾಧ್ಯವಿಲ್ಲ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1981ರ ಮಾದರಿಯ ಕಾರುಗಳಿಗೆ ಕಂಪ್ಯೂಟರ್ ಕೂಡಿಸಿತು. 1996ರಿಂದ ಅಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ತರದ 16 ಕಾಲಿನ ಪ್ಲಗ್, ಒಂದೇ ತರದ ದೋಷದ ನಂಬರು ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ನಿಯಮ ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲಿನಲ್ಲಿ, ಬಿಎಸ್-6 ಬಂದದ್ದು 2020ರ ಏಪ್ರಿಲಿನಲ್ಲಿ. ಅಲ್ಲಿಂದೀಚೆ ಹೊಸದಾಗಿ ಕೊಂಡ ಕಾರು, ಪಿಕಪ್ ಯಾವುದೇ ಇರಲಿ, ಅದು ಸೆನ್ಸರ್ ಗಾಡಿಯೇ. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೂ ಹೊಗೆಯ ಹೊಸ ನಿಯಮ ಬಂದು, ಅವೂ ಈ ಜಾತಿಗೆ ಸೇರುತ್ತಿವೆ.

ಹಲ್ಲು ಎಣಿಸುವ ಕೆಲಸ

ಡೀಸೆಲ್ ಎಂಜಿನಿಗೆ ಮುಖ್ಯವಾದ್ದು ಎರಡು. ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ. ಹಳೆ ಎಂಜಿನಿನಲ್ಲಿ ಈ ಗಳಿಗೆಯನ್ನು ಪಂಪಿನ ಗೇರು ಕಟ್ಟಿಹಾಕಿರುತ್ತಿತ್ತು. ಸೆನ್ಸರ್ ಗಾಡಿಯಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಉಂಟು. ಹಲವು ಎಂಜಿನ್‌ಗಳಲ್ಲಿ ಅದಕ್ಕೆ 60 ಹಲ್ಲಿನ ಜಾಗ, ಇರುವುದು 58 ಹಲ್ಲು. ಎರಡು ಹಲ್ಲು ಬೇಕೆಂದೇ ಬಿಟ್ಟದ್ದು. ಹತ್ತಿರದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರ್ ಕೂತು ಒಂದೊಂದು ಹಲ್ಲು ದಾಟುವಾಗಲೂ ಒಂದು ಮಿಡಿತ ಕಳಿಸುತ್ತದೆ. ಖಾಲಿ ಜಾಗ ಬಂದಾಗ, ‘ಓ, ಒಂದು ಸುತ್ತು ಮುಗಿಯಿತು, ಪಿಸ್ಟನ್ ಇಂಥಲ್ಲಿದೆ’ ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ.

ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಹಿಡಿಯುವ ಸಮಯ ಸೆಕೆಂಡಿನ ಸಾವಿರದ 30 ಭಾಗ ಮಾತ್ರ. ಸೆಕೆಂಡಿಗೆ ಸುಮಾರು ಎರಡು ಸಾವಿರ ಹಲ್ಲು ಎಣಿಸಬೇಕು. ನಾಲ್ಕು ಸಿಲಿಂಡರಿನ ಎಂಜಿನಾದರೆ ಅದೇ ಸೆಕೆಂಡಿನಲ್ಲಿ 60ಕ್ಕೂ ಹೆಚ್ಚು ಸಲ ಡೀಸೆಲ್ ಹೊಡೆಯಬೇಕು. ಅದೂ ಒಂದೇ ಹೊಡೆತವಲ್ಲ. ಮೊದಲು ಒಂದೆರಡು ಘನ ಮಿಲಿಮೀಟರಿನಷ್ಟು, ಅಂದರೆ ಸಾಸಿವೆ ಕಾಳಿನಷ್ಟು ಡೀಸೆಲ್. ಅದು ಹೊತ್ತಿಕೊಂಡ ಮೇಲೆ ಮುಖ್ಯ ಹೊಡೆತ. ಹಳೆ ಜೀಪಿನ ಕಟಕಟ ಸದ್ದು ಹೊಸ ಗಾಡಿಯಲ್ಲಿ ಇಲ್ಲದ್ದಕ್ಕೆ ಈ ಮುಂಚಿನ ಸಣ್ಣ ಹೊಡೆತವೇ ದೊಡ್ಡ ಕಾರಣ.

ಎಷ್ಟು ಹೊಡೆಯಬೇಕು ಅನ್ನುವುದಕ್ಕೆ ಕಂಪ್ಯೂಟರಿನ ನೆನಪಿನಲ್ಲಿ ಕೋಷ್ಟಕಗಳಿವೆ. ಒಂದು ಬದಿಯಲ್ಲಿ ಎಂಜಿನಿನ ವೇಗ, ಇನ್ನೊಂದು ಬದಿಯಲ್ಲಿ ನೀವು ಪೆಡಲು ಒತ್ತಿದ ಪ್ರಮಾಣ. ಎರಡೂ ಕೂಡುವ ಮನೆಯಲ್ಲಿ ಡೀಸೆಲಿನ ಲೆಕ್ಕ. ನಾವು ಮರದ ಪ್ರಾಯ ನೋಡಿ ಗೊಬ್ಬರದ ಲೆಕ್ಕ ನೋಡಿದ ಹಾಗೆ. ಆ ಮೇಲೆ ತಿದ್ದುಪಡಿಗಳು. ಎಂಜಿನ್ ತಣ್ಣಗಿದ್ದರೆ ಸ್ವಲ್ಪ ಹೆಚ್ಚು. ಒಳಗೆ ಹೋಗುವ ಗಾಳಿ ಕಮ್ಮಿ ಇದ್ದರೆ ಕಮ್ಮಿ. ಕಡಲ ತಡಿಯಿಂದ ಘಾಟಿ ಹತ್ತಿ ಕೆಮ್ಮಣ್ಣುಗುಂಡಿಯಂಥ 1,400 ಮೀಟರ್ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಸುಮಾರು ಶೇ. 15ರಷ್ಟು ಇಳಿದಿರುತ್ತದೆ. ಪಂಪಿನ ಗಾಡಿ ಅಲ್ಲಿ ಕಪ್ಪು ಹೊಗೆ ಉಗುಳುತ್ತದೆ. ಸೆನ್ಸರ್ ಗಾಡಿ ಒತ್ತಡ ಅಳೆದು ಡೀಸೆಲನ್ನು ತಾನೇ ಇಳಿಸಿಕೊಳ್ಳುತ್ತದೆ.

ಪೆಡಲಿನ ಸಂಗತಿಯೂ ಸ್ವಾರಸ್ಯ. ಅದಕ್ಕೆ ಈಗ ಕೇಬಲ್ ಇಲ್ಲ. ನೀವು ಒತ್ತುವುದು ಒಂದು ಅರ್ಜಿ ಮಾತ್ರ, ಮಂಜೂರು ಮಾಡುವುದು ಕಂಪ್ಯೂಟರ್. ಪೆಡಲಿನ ಬುಡದಲ್ಲಿ ಒಂದರ ಬದಲು ಎರಡು ಸೆನ್ಸರ್ ಇಟ್ಟಿರುತ್ತಾರೆ. ಹಲವು ಗಾಡಿಗಳಲ್ಲಿ ಒಂದರ ವೋಲ್ಟೇಜು ಇನ್ನೊಂದರ ಎರಡು ಪಾಲು ಇರಬೇಕು. ತಾಳೆಯಾಗದಿದ್ದರೆ ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ ಎಂದರ್ಥ. ಆಗ ಕಂಪ್ಯೂಟರ್ ಎಂಜಿನಿನ ಶಕ್ತಿ ತಗ್ಗಿಸಿ ‘ಮನೆ ಸೇರಿಕೋ’ ಅನ್ನುವಷ್ಟೇ ಓಟ ಕೊಡುತ್ತದೆ. ಇದಕ್ಕೇ ಲಿಂಪ್ ಮೋಡ್ ಅನ್ನುವುದು. ಎಷ್ಟು ಒತ್ತಿದರೂ ಗಾಡಿ ಪಿಕಪ್ ತೆಗೆಯುವುದಿಲ್ಲ. ಗಾಡಿ ಹಾಳಾಯಿತೆಂದು ತಿಳಿಯುತ್ತೇವೆ. ನಿಜಕ್ಕೂ ಹಾಳಾಗದಂತೆ ಅದು ತನ್ನನ್ನೇ ಕಟ್ಟಿಹಾಕಿಕೊಂಡದ್ದು.

ಒಂದು ಎಚ್ಚರಿಕೆ

ಇಲ್ಲಿ ಓದುವುದನ್ನು ನಿಲ್ಲಿಸುವವರಿದ್ದರೆ ಇದೊಂದನ್ನು ಓದಿ ನಿಲ್ಲಿಸಿ. ಪಂಪಿನ ಗಾಡಿಯಲ್ಲಿ ಏರ್ ಹಿಡಿದಾಗ ನೋಝಲಿನ ಪೈಪಿನ ನಟ್ಟು ಸಡಿಲಿಸಿ, ಸೆಲ್ಫ್ ಹೊಡೆಸಿ, ಡೀಸೆಲ್ ಚಿಮ್ಮುವುದನ್ನು ನೋಡಿ ಬಿಗಿಯುವುದು ನಮಗೆಲ್ಲ ಅಭ್ಯಾಸ. ಸೆನ್ಸರ್ ಡೀಸೆಲ್ ಗಾಡಿಯಲ್ಲಿ ಇದನ್ನು ಖಂಡಿತ ಮಾಡಬಾರದು.

ಇದರಲ್ಲಿ ಎಲ್ಲ ಇಂಜೆಕ್ಟರುಗಳಿಗೂ ಸೇರಿ ಒಂದು ಗಟ್ಟಿ ಕೊಳವೆ ಇರುತ್ತದೆ. ಕಾಮನ್ ರೇಲ್ ಅಂದರೆ ಅದುವೇ. ಅದರೊಳಗಿನ ಒತ್ತಡ 1,600 ಬಾರ್, ಕೆಲವು ಎಂಜಿನ್‌ಗಳಲ್ಲಿ 2,000 ಬಾರ್ ತನಕ. ನಾವು ಬೋರ್ಡೋ ಹೊಡೆಯುವ ಪವರ್ ಸ್ಪ್ರೇಯರಿನದು ಇಪ್ಪತ್ತು-ಮೂವತ್ತು. ನೂರು ಮೀಟರ್ ಎತ್ತರಕ್ಕೆ ನೀರು ದೂಡಲು ಹತ್ತು ಬಾರ್ ಸಾಕು. ಆ ಲೆಕ್ಕದಲ್ಲಿ 1,600 ಬಾರ್ ಅಂದರೆ 16 ಕಿಲೋಮೀಟರ್ ಎತ್ತರದ ನೀರಿನ ಕಂಬ. ಎವರೆಸ್ಟಿನ ಎತ್ತರವೇ ಒಂಬತ್ತು ಕಿಲೋಮೀಟರಿಗೆ ಒಂದಿಷ್ಟು ಕಮ್ಮಿ. ಸಡಿಲವಾದ ನಟ್ಟಿನಿಂದ ಚಿಮ್ಮುವ ಡೀಸೆಲ್ ಕೂದಲೆಳೆಯಷ್ಟು ಸಪೂರವಿದ್ದರೂ ಚರ್ಮ ತೂತು ಮಾಡಿ ಮೈಯೊಳಗೆ ಹೋಗುತ್ತದೆ. ಮೇಲಿನಿಂದ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸ ಕೊಳೆಯಲು ಸುರು. ಬೆರಳು, ಕೈ ಕಳಕೊಳ್ಳುವಂಥ ಅಪಾಯ. ಹಾಗೇನಾದರೂ ಆದರೆ ‘ನೋವಿಲ್ಲ’ ಅಂತ ಮನೆಯಲ್ಲಿ ಕೂರದೆ ಆ ಗಳಿಗೆಯಲ್ಲೇ ಆಪರೇಷನ್ ಸೌಕರ್ಯ ಇರುವ ಆಸ್ಪತ್ರೆಗೆ ಹೋಗಬೇಕು. ಹಳೆ ಅಭ್ಯಾಸದ ಡ್ರೈವರು, ಕೆಲಸದವರು ಇದ್ದರೆ ಅವರಿಗೂ ಈ ವಿಷಯ ಹೇಳಿ.

ಕಾವಲು ಹೇಗೆ?

ಕಂಪ್ಯೂಟರಿನ ಅರ್ಧ ಕೆಲಸ ಎಂಜಿನ್ ನಡೆಸುವುದಾದರೆ ಇನ್ನರ್ಧ ಕಾವಲು ಕಾಯುವುದು. ಸುದ್ದಿ ತರುವವನನ್ನೇ ಅದು ನಂಬುವುದಿಲ್ಲ.

ಹೆಚ್ಚಿನ ಸೆನ್ಸರುಗಳಿಗೆ ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ. ಅದರಿಂದ ಸರಿಯಾದ ಉತ್ತರ ಸುಮಾರು ಅರ್ಧದಿಂದ ನಾಲ್ಕೂವರೆ ವೋಲ್ಟಿನ ಒಳಗೇ ಬರಬೇಕು. ಪೂರ್ತಿ ಸೊನ್ನೆಯೋ ಪೂರ್ತಿ ಐದೋ ಬಂದರೆ ವಯರು ತುಂಡಾಗಿದೆ ಇಲ್ಲವೇ ಎಲ್ಲಿಗೋ ತಾಗಿದೆ ಅಂತ ಲೆಕ್ಕ. ಇದಕ್ಕೆ ನಾನೇ ಕಂಡ ಉದಾಹರಣೆ ಉಂಟು. ಒಂದು ದಿನ ಬೆಳಿಗ್ಗೆ ನನ್ನ ಗಾಡಿ ಚಾಲೂ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನು ರುಂಯ್ ಅಂತ ಜೋರಾಗಿ ತಿರುಗತೊಡಗಿತು. ಹಳದಿ ದೀಪವೂ ಹೊತ್ತಿತು. ಸ್ಕ್ಯಾನರ್ ಚುಚ್ಚಿ ನೋಡಿದರೆ ಎಂಜಿನಿನ ನೀರಿನ ಉಷ್ಣತೆ ಮೈನಸ್ 40 ಡಿಗ್ರಿ! ಏಪ್ರಿಲ್ ತಿಂಗಳಿನಲ್ಲಿ, ದಕ್ಷಿಣ ಕನ್ನಡದಲ್ಲಿ!

ಉಷ್ಣತೆಯ ಸೆನ್ಸರಿನ ಗುಣ ಏನೆಂದರೆ ತಣ್ಣಗಾದಷ್ಟೂ ಅದರ ವಿದ್ಯುತ್ ತಡೆ ಹೆಚ್ಚು. ವಯರು ತುಂಡಾದರೆ ತಡೆ ಲೆಕ್ಕವಿಲ್ಲದಷ್ಟಾಗುತ್ತದೆ. ಕಂಪ್ಯೂಟರಿನ ಕೋಷ್ಟಕದಲ್ಲಿ ಅದಕ್ಕೆ ಸಿಗುವ ಕೊನೆಯ ಮನೆ ಮೈನಸ್ 40. ಇದು ಅಸಂಭವ ಅಂತ ಅದಕ್ಕೂ ಗೊತ್ತು. ಹಾಗಾಗಿ ಆ ಸುದ್ದಿ ಬದಿಗಿಟ್ಟು, ಎಂಜಿನ್ ಎಷ್ಟು ಬಿಸಿಯಾಗಿದೆಯೋ ಏನೋ ಎಂದು ಫ್ಯಾನನ್ನು ಪೂರ್ತಿ ತಿರುಗಿಸಿಬಿಟ್ಟಿತು. ಬಾನೆಟ್ ಎತ್ತಿ ಟಾರ್ಚು ಹಾಕಿ ನೋಡಿದರೆ ವಯರನ್ನು ಇಲಿ ಕಡಿದದ್ದು. ಬಂದ ನಂಬರು ಪಿ 0118. ಸೆನ್ಸರ್ ಸರಿಯೇ ಇತ್ತು. ವಯರು ಬೆಸುಗೆ ಹಾಕಿದ ಮೇಲೆ ಎಲ್ಲ ಮೊದಲಿನಂತಾಯಿತು.

ಎರಡನೆಯ ಪರೀಕ್ಷೆ ತಾಳೆ ನೋಡುವುದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಂಜಿನಿನ ನೀರು, ಒಳಬರುವ ಗಾಳಿ ಎರಡರ ಉಷ್ಣತೆಯೂ ಬೆಳಿಗ್ಗೆ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು 25, ಇನ್ನೊಂದು 80 ಅಂದರೆ ಎರಡರಲ್ಲೊಂದು ಸುಳ್ಳು.

ಮೂರನೆಯದು ನನಗೆ ತುಂಬಾ ಇಷ್ಟವಾದ್ದು. ಒಂದು ಸಿಲಿಂಡರ್ ಸರಿಯಾಗಿ ಹೊಡೆಯುತ್ತಿಲ್ಲ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಬೇರೆ ಸೆನ್ಸರ್ ಬೇಕಾಗಿಲ್ಲ. ಅದೇ ಹಲ್ಲಿನ ಚಕ್ರ ಸಾಕು. ಪ್ರತಿ ಸಿಲಿಂಡರ್ ಹೊಡೆದಾಗಲೂ ಕ್ರ್ಯಾಂಕ್ ಚೂರು ಮುಂದಕ್ಕೆ ನುಗ್ಗುತ್ತದೆ. ಒಂದು ಹೊಡೆಯದಿದ್ದರೆ ಆ ಜಾಗದಲ್ಲಿ ಹಲ್ಲುಗಳು ದಾಟಲು ಕೂದಲೆಳೆಯಷ್ಟು ಹೆಚ್ಚು ಸಮಯ ಬೇಕಾಗುತ್ತದೆ. ಅನುಭವಿ ಮೆಕ್ಯಾನಿಕ್ ಕಿವಿಗೊಟ್ಟು ‘ಮೂರನೆಯದು ಮಿಸ್ಸಿಂಗ್’ ಅನ್ನುತ್ತಿದ್ದುದನ್ನು ಇದು ಸಮಯ ಅಳೆದು ಹೇಳುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಮಿಸ್ಸಿಂಗ್ ಜೋರಾದರೆ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸಿಬಿಡುತ್ತದೆ. ಹಾಗಾಗಿ ಆಗ ದೀಪ ಸುಮ್ಮನೆ ಉರಿಯುವುದಿಲ್ಲ, ಮಿನುಗುತ್ತದೆ.

ದೀಪದ ಭಾಷೆ ಇಷ್ಟೇ. ಕೆಂಪು ದೀಪ, ಮುಖ್ಯವಾಗಿ ಆಯಿಲ್ ಮತ್ತು ಉಷ್ಣತೆಯದ್ದು, ಹೊತ್ತಿದರೆ ಬದಿಗೆ ತೆಗೆದು ಎಂಜಿನ್ ಆರಿಸಿ. ‘ಇನ್ನು ಎರಡು ಕಿಲೋಮೀಟರ್ ತಾನೇ’ ಅನ್ನಬೇಡಿ. ಹಳದಿ ದೀಪ ಮಿನುಗಿದರೆ ಪೆಡಲಿನ ಮೇಲಿನ ಕಾಲು ಹಗುರ ಮಾಡಿ, ಹತ್ತಿರದ ಗ್ಯಾರೇಜಿಗೆ ಹೋಗಿ. ಹಳದಿ ಸುಮ್ಮನೆ ಉರಿಯುತ್ತಿದ್ದು ಗಾಡಿ ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ತೋರಿಸಿ. ಕೆಲವು ದೋಷಗಳಿಗೆ ಎರಡು ಸಲದ ಓಟದಲ್ಲಿ ಕಂಡುಬಂದರೆ ಮಾತ್ರ ದೀಪ ಹೊತ್ತುತ್ತದೆ. ಅಂದರೆ ಹೊತ್ತಿದಾಗ ಅದು ಒಮ್ಮೆ ಯೋಚಿಸಿಯೇ ಹೊತ್ತಿದ್ದು.

ನಂಬರು ಬಂತು, ಇನ್ನೆಂತ?

ಸ್ಟೇರಿಂಗಿನ ಕೆಳಗಡೆ, ಮೊಣಕಾಲಿನ ಹತ್ತಿರ ಆ 16 ಕಾಲಿನ ಪ್ಲಗ್ ಉಂಟು. ಅದಕ್ಕೆ ಚುಚ್ಚಿ ಮೊಬೈಲಿನಲ್ಲಿ ನೋಡುವ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕ್ಯಾನರ್ ಸಾವಿರ ರೂಪಾಯಿಯೊಳಗೂ ಸಿಗುತ್ತದೆ. ನಂಬರಿನ ಮೊದಲು ‘ಪಿ’ ಇದ್ದರೆ ಎಂಜಿನ್-ಗೇರಿಗೆ ಸಂಬಂಧ, ‘ಸಿ’ ಅಂದರೆ ಬ್ರೇಕು ಮುಂತಾದ್ದು, ‘ಬಿ’ ಬಾಡಿಯದ್ದು, ‘ಯು’ ಅಂದರೆ ಕಂಪ್ಯೂಟರುಗಳ ನಡುವೆ ಮಾತು ನಿಂತಿದೆ ಅಂತ. ಹೌದು, ಈಗಿನ ಗಾಡಿಯಲ್ಲಿ ಒಂದೇ ಕಂಪ್ಯೂಟರ್ ಅಲ್ಲ. ಎಬಿಎಸ್ ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು, ಮೀಟರಿಗೆ ಒಂದು. ಇವೆಲ್ಲ ಹೆಣೆದ ಎರಡೇ ವಯರಿನಲ್ಲಿ ಮಾತಾಡಿಕೊಳ್ಳುತ್ತವೆ. ಬಾಷ್ ಕಂಪೆನಿ 1986ರಲ್ಲಿ ಹೊರತಂದ ಕ್ಯಾನ್ ಎಂಬ ಪದ್ಧತಿ ಅದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಂಬರು ಹೇಳುವುದು ‘ಇಲ್ಲಿ ಲೆಕ್ಕ ತಪ್ಪಿದೆ’ ಅಂತ. ‘ಈ ಭಾಗ ಬದಲಿಸು’ ಅಂತ ಅದು ಎಲ್ಲೂ ಹೇಳುವುದಿಲ್ಲ. ನೆರೆಯವರೊಬ್ಬರ ಗಾಡಿ ಏರು ಹತ್ತುವಾಗ ನಿತ್ರಾಣವಾಗುತ್ತಿತ್ತು. ನಂಬರು ಪಿ 0087, ಅಂದರೆ ರೇಲಿನಲ್ಲಿ ಒತ್ತಡ ಸಾಲದು. ಒಂದು ಗ್ಯಾರೇಜಿನಲ್ಲಿ ಹೈಪ್ರೆಶರ್ ಪಂಪು ಬದಲಿಸಬೇಕೆಂದರು. ಖರ್ಚು ಕೇಳಿದರೆ ಒಂದು ಹಸು ತರಬಹುದು. ಅವರು ಗಾಡಿ ವಾಪಸು ತಂದು ನಮ್ಮೂರಿನ ಹುಡುಗನಿಗೆ ತೋರಿಸಿದರು. ಅವ ಮೊದಲು ನೋಡಿದ್ದು ಡೀಸೆಲ್ ಫಿಲ್ಟರ್. ಬಿಚ್ಚಿದರೆ ಕೆಸರು. ಪಂಪಿಗೆ ಬರುವ ಡೀಸೆಲೇ ಸಾಲದಿದ್ದರೆ ಪಂಪು ಒತ್ತಡ ಎಲ್ಲಿಂದ ತಂದೀತು? ಕೆರೆಯಲ್ಲಿ ಫುಟ್‌ವಾಲ್ವಿಗೆ ಎಲೆ ಕಟ್ಟಿಕೊಂಡರೆ ನಾವು ಮೋಟಾರು ಬದಲಿಸುತ್ತೇವೆಯೇ?

ಹಾಗಾಗಿ ಗ್ಯಾರೇಜಿನಲ್ಲಿ ಎರಡು ಪ್ರಶ್ನೆ ಕೇಳಿ. ನಂಬರು ಯಾವುದು? ಅದು ಬಂದ ಗಳಿಗೆಯ ದಾಖಲೆ ನೋಡಿದಿರಾ? ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಉಷ್ಣತೆ ಎಷ್ಟು, ಲೋಡು ಎಷ್ಟು ಅಂತ ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಫ್ರೀಜ್ ಫ್ರೇಮ್ ಅನ್ನುತ್ತಾರೆ. ನಂಬರು ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಅಳಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳಿ. ಬಿಸಿಯಾದಾಗ ಎಂಜಿನ್ ನಿಂತು, ಅರ್ಧ ಗಂಟೆ ಬಿಟ್ಟರೆ ಏನೂ ಆಗದವರಂತೆ ಚಾಲೂ ಆಗುವ ಗಾಡಿಗಳಿರುತ್ತವೆ. ಗ್ಯಾರೇಜಿಗೆ ಒಯ್ದಾಗ ಸರಿ ಇರುತ್ತವೆ! ಎಷ್ಟೋ ಸಲ ಅದು ಬಿಸಿಗೆ ಸೋಲುವ ಕ್ರ್ಯಾಂಕ್ ಸೆನ್ಸರ್. ಪಿ 0335 ಎಂಬ ನಂಬರು ಆ ದಾಖಲೆಯೊಡನೆ ಇದ್ದರೆ ಹುಡುಕಾಟ ಸುಲಭ.

ಡೈರಿಗೆ ಎರಡು ಕಿಲೋಮೀಟರ್

ನಮ್ಮಂಥ ಕೃಷಿಕರಿಗೆ ಹೆಚ್ಚು ತಲೆಬಿಸಿ ಕೊಟ್ಟದ್ದು ಬಿಎಸ್-6 ಡೀಸೆಲಿನ ಹೊಗೆ ಫಿಲ್ಟರ್, ಡಿಪಿಎಫ್. ಹೊಗೆಯ ಮಸಿಯನ್ನು ಅದು ಹಿಡಿದಿಡುತ್ತದೆ. ತುಂಬುತ್ತಾ ಬಂದ ಹಾಗೆ ಮುಂದಿನ ಮತ್ತು ಹಿಂದಿನ ಬದಿಯ ಒತ್ತಡದ ವ್ಯತ್ಯಾಸ ಹೆಚ್ಚುತ್ತದೆ. ಸ್ಪ್ರೇಯರಿನ ಜಾಲರಿ ಕಟ್ಟಿದ ಹಾಗೆಯೇ. ಆ ವ್ಯತ್ಯಾಸ ಅಳೆದು, ‘ಇನ್ನು ಸುಡಬೇಕು’ ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಮುಖ್ಯ ಹೊಡೆತದ ನಂತರ ಇನ್ನೊಂದು ತಡವಾದ ಹೊಡೆತ ಡೀಸೆಲ್ ಕೊಟ್ಟು ಫಿಲ್ಟರಿನಲ್ಲಿ ಸುಮಾರು 600 ಡಿಗ್ರಿ ಬಿಸಿ ಎಬ್ಬಿಸಿ ಮಸಿಯನ್ನು ಬೂದಿ ಮಾಡುತ್ತದೆ.

ಇದು ಮುಗಿಯಲು ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ನಿಲ್ಲಿಸದೆ ಒಂದೇ ಹದದ ಓಟ ಬೇಕು. ನಮ್ಮ ಓಟ ಹೇಗೆ? ಬೆಳಿಗ್ಗೆ ಡೈರಿಗೆ ಎರಡು ಕಿಲೋಮೀಟರ್, ಮಧ್ಯಾಹ್ನ ಸೊಸೈಟಿಗೆ ಮೂರು, ಸಂಜೆ ತೋಟದ ಮಣ್ಣಿನ ದಾರಿಯಲ್ಲಿ ಒಂದನೇ ಗೇರು. ಎಂಜಿನ್ ಬಿಸಿಯಾಗುವುದರೊಳಗೆ ಮನೆ. ಸುಡಲಿಕ್ಕೆ ಹೊರಟಾಗಲೆಲ್ಲ ನಾವು ಕೀಲಿ ತಿರುಗಿಸಿ ಆರಿಸುತ್ತೇವೆ. ಮಸಿ ಪೇರಿ ಕೊನೆಗೆ ಪಿ 2463 ಬಂದು ಲಿಂಪ್ ಮೋಡ್. ಇನ್ನೊಂದು ಕಷ್ಟವೂ ಉಂಟು. ಹೀಗೆ ಅರ್ಧಕ್ಕೆ ನಿಂತಾಗಲೆಲ್ಲ ಆ ತಡವಾದ ಹೊಡೆತದ ಡೀಸೆಲಿನಲ್ಲಿ ಒಂದು ಪಾಲು ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಮ್ಮಿಯಾಗುವ ಬದಲು ಹೆಚ್ಚಾಗಿ ಕಂಡರೆ ಸಂತೋಷಪಡಬೇಡಿ! ಅದು ತೆಳ್ಳಗಾದ ಆಯಿಲ್, ಬದಲಿಸಲೇಬೇಕು.

ಪರಿಹಾರ ಸುಲಭ. ವಾರಕ್ಕೊಮ್ಮೆಯಾದರೂ ಪೇಟೆಯ ಕೆಲಸವನ್ನು ಒಟ್ಟು ಮಾಡಿ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಓಟ ಓಡಿಸಿ. ಡಿಪಿಎಫ್ ದೀಪ ಹೊತ್ತಿದ ದಿನ ಇದನ್ನು ಮುಂದೂಡಬೇಡಿ, ಕೈಪಿಡಿಯಲ್ಲಿ ಹೇಳಿದ ವೇಗದಲ್ಲಿ ದೀಪ ಆರುವ ತನಕ ಓಡಿಸಿ. ಆಯಿಲ್ ಸಹಾ ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದೇ ಬೇಕು. ಹಳೆ ಜೀಪಿನ ಆಯಿಲಿನ ಬೂದಿ ಫಿಲ್ಟರಿನಲ್ಲಿ ಉಳಿಯುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವವರು ಡೀಸೆಲ್ ಯಾಕೆ ಕೊಳ್ಳಬೇಕು ಅನ್ನುವುದು ನನ್ನ ಪ್ರಶ್ನೆ. ಪೆಟ್ರೋಲೋ ಸಿಎನ್‌ಜಿಯೋ ಸಾಕಲ್ಲವೇ?

ದೊಡ್ಡ ಡೀಸೆಲ್ ಗಾಡಿ ಕೆಲವಕ್ಕೆ ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕಿರುತ್ತದೆ. ಡಿಇಎಫ್ ಅನ್ನುತ್ತಾರೆ. ಶುದ್ಧೀಕರಿಸಿದ ನೀರಿನಲ್ಲಿ ಶೇ. 32.5 ಯೂರಿಯಾ. ‘ಯೂರಿಯಾ ನಮ್ಮಲ್ಲೇ ಚೀಲಗಟ್ಟಲೆ ಉಂಟಲ್ಲ’ ಅಂತ ಒಬ್ಬರು ನನ್ನಲ್ಲಿ ಹೇಳಿದ್ದುಂಟು. ಬೇಡ ಮಾರಾಯ್ರೇ. ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯ. ಅದೂ, ಬಾವಿ ನೀರಿನ ಸುಣ್ಣವೂ ಸೇರಿ ಒಳಗಿನ ಕೆಟಲಿಸ್ಟನ್ನೇ ಕೆಡಿಸುತ್ತವೆ. ಸಬ್ಸಿಡಿಯ ಗೊಬ್ಬರವನ್ನು ಹಾಗೆ ಬಳಸುವುದು ಅಪರಾಧ ಕೂಡಾ. ಕಂಪ್ಯೂಟರ್ ಈ ದ್ರಾವಣದ ಮಟ್ಟ, ಪರಿಣಾಮ ಎರಡನ್ನೂ ನೋಡುತ್ತಿರುತ್ತದೆ. ಮೋಸ ಕಂಡರೆ ಶಕ್ತಿ ಇಳಿಸುತ್ತದೆ.

ಇಲಿ, ನೀರು, ವೆಲ್ಡಿಂಗ್

ಅಡಿಕೆ ಕೊಟ್ಟಿಗೆಯ ಪಕ್ಕದಲ್ಲೇ ಗಾಡಿ ನಿಲ್ಲಿಸುವ ನಮಗೆ ಇಲಿಯೇ ದೊಡ್ಡ ಶತ್ರು. ಹೊಗೆಸೊಪ್ಪು ಕಟ್ಟುವವರುಂಟು. ನನಗೆ ಅದರಲ್ಲಿ ನಂಬಿಕೆ ಇಲ್ಲ, ನಾಲ್ಕು ದಿನಕ್ಕೆ ಘಾಟು ಹೋಗುತ್ತದೆ. ರಾತ್ರಿ ಬಾನೆಟ್ ಎತ್ತಿಟ್ಟು ಒಂದು ಬಲ್ಬು ಉರಿಸುವುದು ನನಗೆ ಫಲ ಕೊಟ್ಟಿದೆ. ಕಡಿದ ವಯರನ್ನು ತಿರುಚಿ ಟೇಪು ಸುತ್ತಿದರೆ ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಐದು ವೋಲ್ಟಿನ ಸುದ್ದಿಗೆ ಆ ಹಸಿರೇ ಸಾಕು ಸುಳ್ಳಾಗಲು. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ಹಾಕಿಸಿ. ಹಳದಿ ಕವಚದ ವಯರು ಏರ್‌ಬ್ಯಾಗಿನದ್ದು, ಅದನ್ನು ಮುಟ್ಟಲೇಬಾರದು.

ಡೀಸೆಲನ್ನು ಕ್ಯಾನು, ಬ್ಯಾರೆಲಿನಲ್ಲಿಟ್ಟು ಹಾಕುವ ಅಭ್ಯಾಸ ಇದ್ದರೆ ಬಿಡಿ. ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆಯ ನಾಡಿನಲ್ಲಿ ಬ್ಯಾರೆಲಿನ ತಳದಲ್ಲಿ ನೀರು ಸೇರದೆ ಇರುವುದಿಲ್ಲ. ಫಿಲ್ಟರಿನ ಕೆಳಗೆ ನೀರು ಗುರುತಿಸುವ ಸೆನ್ಸರ್ ಇದ್ದು ದೀಪ ಹೊತ್ತಿಸುತ್ತದೆ. ಎಂಜಿನ್ ಆರಿಸಿ ಕೆಳಗಿನ ತಿರುಪು ಸಡಿಲಿಸಿ ನೀರು ಬಿಟ್ಟರೆ ಆಯಿತು. ಇದು ಕಡಿಮೆ ಒತ್ತಡದ ಬದಿ, ನಾವೇ ಮಾಡಬಹುದು. ಅಲಕ್ಷ್ಯ ಮಾಡಿದರೆ ಇಂಜೆಕ್ಟರುಗಳೇ ತುಕ್ಕು ಹಿಡಿಯುತ್ತವೆ.

ಪಿಕಪ್ಪಿನ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ನೆಗೆಟಿವ್ ತೆಗೆಸಿ, ಕಂಪ್ಯೂಟರಿನ ಪ್ಲಗ್ಗೂ ಕಳಚಿಸಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವಯರು ಕೀಳುವ ಹಳೆ ಪರೀಕ್ಷೆಯೂ ಬೇಡ. ಸ್ಪ್ರೇಯರಿನಿಂದ ಎಂಜಿನ್ ತೊಳೆಯುವುದೂ ಬೇಡ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಳಿಜಾರಿನಲ್ಲಿ ದೂಡಿ ಪ್ರಯೋಜನ ಇಲ್ಲ. ಕಂಪ್ಯೂಟರಿಗೆ ಕರೆಂಟು ಇಲ್ಲದೆ ಇಂಜೆಕ್ಟರ್ ತೆರೆಯುವುದಿಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ ಎಂದಾದರೆ ಸೆನ್ಸರ್ ಹುಡುಕುವ ಮೊದಲು ಬ್ಯಾಟರಿ ನೋಡಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜು ಒಂಬತ್ತಕ್ಕಿಂತ ಕೆಳಗೆ ಬಿದ್ದರೆ ಕಂಪ್ಯೂಟರಿಗೇ ತಲೆ ತಿರುಗುತ್ತದೆ. ಟರ್ಮಿನಲ್ಲಿನ ಬಿಳಿ ಪುಡಿ ಬಿಸಿನೀರಿನಲ್ಲಿ ತೊಳೆದು ಬಿಗಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಸ್ಕ್ಯಾನರ್ ಕೊಳ್ಳುವವರಿಗೆ ಒಂದು ಮಾತು. ಅಗ್ಗದ್ದು ಎಂಜಿನಿನ ನಂಬರು ಓದುತ್ತದೆ, ಎಬಿಎಸ್, ಏರ್‌ಬ್ಯಾಗಿನದ್ದನ್ನು ಹೆಚ್ಚಾಗಿ ಓದುವುದಿಲ್ಲ. ಗಾಡಿ ನಿಲ್ಲಿಸಿದಾಗ ಕಿತ್ತಿಡಿ, ಬಿಟ್ಟರೆ ಬ್ಯಾಟರಿ ಕುಡಿಯುತ್ತದೆ. ಹೊಸ ಟ್ರ್ಯಾಕ್ಟರಿಗೂ ಇದೇ ಸಾಕು ಅಂದುಕೊಳ್ಳಬೇಡಿ. ಭಾರೀ ವಾಹನಗಳ ಕಂಪ್ಯೂಟರಿನ ಭಾಷೆ ಬೇರೆ, ಎಷ್ಟೋ ಕಡೆ ಪ್ಲಗ್ಗೂ ಬೇರೆ. ಅಂಗಡಿಯವನಿಗೆ ನಿಮ್ಮ ಗಾಡಿಯ ಮಾದರಿ, ಇಸವಿ ಹೇಳಿ, ಹಾಕಿ ತೋರಿಸಿದ ಮೇಲೆಯೇ ದುಡ್ಡು ಕೊಡಿ.